ಅಚ್ಚುಕಟ್ಟಾದ ಆಕಾಶ

ಪರದೆಯನ್ನು ಮೇಲಕ್ಕೆಳೆದದ್ದು ಬೆಳಿಗ್ಗೆ ಒಂಬತ್ತಕ್ಕೆ. ಒಂಬತ್ತೂ ಐದಕ್ಕೆ ಪರದೆಗಾರನ ಅತ್ತೆ ಕೈಯಲ್ಲಿ ಟೀ ಲೋಟ ಹಿಡಿದುಕೊಂಡು ರಂಗದ ಮೇಲೆ ಬಂದರು, ಕತ್ತೆತ್ತಿ ನೋಡಿದರು, ಒಂದು ಗುಟುಕು ಕುಡಿದರು, ಆಮೇಲೆ ಬಾಯಿ ಬಿಟ್ಟರು.

"ಅಳಿಯಂದ್ರೇ, ಆಕಾಶದ ಮೇಲೆ ಯಾರೋ ಲೋಟ ಇಟ್ಟು ಎತ್ತಿದ ಹಾಗಿದೆಯಲ್ಲ?"

ಅಲ್ಲಿಯವರೆಗೆ ಆ ರಂಗಮಂದಿರದಲ್ಲೇ ಅತ್ಯಂತ ಸುಖಿಯಾದ ಮನುಷ್ಯನೆಂದರೆ ಪರದೆಗಾರ. ಆ ಸುಖ ಸರಿಯಾಗಿ ಐದು ನಿಮಿಷ ಬಾಳಿತು.

ಅಂದು ಮಧ್ಯಾಹ್ನ ಮೂರು ಗಂಟೆಗೆ ಅಲ್ಲಿ ನಡೆಯಬೇಕಾಗಿದ್ದದ್ದು ನೂರ ಹತ್ತು ವರ್ಷ ಹಳೆಯದಾದ ಒಂದು ಬ್ಯಾಲೆ. ಕತೆ ಇಷ್ಟೇ: ನದಿ ದಾಟಿಸುವ ದೋಣಿಗಾರನಿಗೆ ಒಬ್ಬಳೇ ಮಗಳು. ನೋಡಲು ಬಂದ ಗಂಡುಗಳಲ್ಲಿ ಒಬ್ಬನೂ ಅವಳಿಗೆ ಹಿಡಿಸುವುದಿಲ್ಲ. ನೀರಿನಲ್ಲಿ ಕಂಡ ಚಂದ್ರನಿಗೆ ಮನಸೋಲುತ್ತಾಳೆ. ಚಂದ್ರನೂ ಸೋತು, ಮನುಷ್ಯರೂಪದಲ್ಲಿ ಕೆಳಗಿಳಿದು ಬಂದು ಅವಳ ಜೊತೆ ಕುಣಿಯುತ್ತಾನೆ. ಬೆಳಗಾಗುವುದರೊಳಗೆ ಅವನು ಹೊರಡಬೇಕು. ಬಿಳಿ ಬಲೆಬಟ್ಟೆಯ ಲಂಗ ತೊಟ್ಟ ಮೂವತ್ತೆರಡು ಹುಡುಗಿಯರು ನದಿಯ ಅಲೆಗಳಾಗುತ್ತಾರೆ. ಒಂದು ಮಾತೂ ಇಲ್ಲ. ಏನು ಹೇಳುವುದಿದ್ದರೂ ಕಾಲ್ಬೆರಳ ತುದಿಯಲ್ಲಿ ನಿಂತೇ ಹೇಳಬೇಕು.

ಆ ಕತೆಗೆ ಬೇಕಾದ ನದಿ, ಕಾಡು, ಆಕಾಶ ಎಲ್ಲವೂ ಒಂದೇ ದೊಡ್ಡ ಬಟ್ಟೆಯ ಮೇಲೆ ಇದ್ದವು. ಅದನ್ನು ಬರೆದವನು ಪರದೆಗಾರ. ನಾಲ್ಕು ತಿಂಗಳು ಬರೆದಿದ್ದ. ಅವನಿಗೆ ಅದು ಬರೀ ಪರದೆಯಾಗಿರಲಿಲ್ಲ.

ರಂಗಮಂದಿರದ ಮ್ಯಾನೇಜರ್ ಒಂದು ವರ್ಷದಿಂದ ಚಿತ್ರ ಬಿಡುವ ಯಂತ್ರದ ಕನಸು ಕಾಣುತ್ತಿದ್ದ. "ಸ್ವಿಚ್ ಒತ್ತಿದ್ರೆ ಅರಮನೆ, ಇನ್ನೊಂದು ಒತ್ತಿದ್ರೆ ಸಮುದ್ರ. ನಿಮ್ಮ ಬಕೆಟ್ಟು, ಅಂಟು, ಪೊರಕೆ ಇವೆಲ್ಲಾ ಯಾವ ಕಾಲದ್ದು ಮಾರಾಯ್ರೇ?" ಎಂದು ಮೆಟ್ಟಿಲಲ್ಲಿ ಸಿಕ್ಕಿದಾಗಲೆಲ್ಲ ಕೇಳುತ್ತಿದ್ದ. ಯಂತ್ರ ಬಂದರೆ ಪರದೆ ಬರೆಯುವ ಮೇಲ್ಮಹಡಿ ಅದರ ಪಾಲಾಗುತ್ತದೆ. ಪರದೆಗಾರ ಕೆಳಗೆ ಟಿಕೆಟ್ ಕಿಟಕಿಯಲ್ಲಿ ಕೂರಬೇಕಾಗುತ್ತದೆ.

ಅಷ್ಟರಲ್ಲಿ ಅಡ್ಡಬಂದವರು ಪ್ರೊಫೆಸರಮ್ಮ. ವಯಸ್ಸು ಎಂಬತ್ತೆಂಟು, ಹಳೆಯ ಬ್ಯಾಲೆಗಳ ಚರಿತ್ರೆಯನ್ನೇ ಉಂಡು ಉಟ್ಟು ಹೊದ್ದವರು. ರಂಗಮಂದಿರದ ಸಮಿತಿಯಲ್ಲಿ ಅವರ ಮಾತಿಗೆ ಎದುರಾಡುವವರಿಲ್ಲ. ಈ ಬ್ಯಾಲೆಗೆ ಮೊದಲ ಸಲ ಚಿತ್ರಕಾರ ಕೈಯಾರೆ ಬರೆದ ನಕ್ಷೆ ಅವರ ಪೆಟ್ಟಿಗೆಯಲ್ಲಿತ್ತು. ಅದನ್ನು ಮ್ಯಾನೇಜರಿನ ಮೇಜಿನ ಮೇಲಿಟ್ಟು ಅವರು ಹೇಳಿದ್ದು ಒಂದೇ ಮಾತು:

"ನಿಮ್ಮ ಪರದೆಗಾರ ಇದನ್ನ ಇದ್ದ ಹಾಗೇ ಬರೆದರೆ ಮಹಡಿ ಅವನದ್ದು. ಇಲ್ಲದಿದ್ರೆ ನಿಮ್ಮ ಯಂತ್ರ ತನ್ನಿ."

"ಇದ್ದ ಹಾಗೇ ಅಂದ್ರೆ ಹೇಗಮ್ಮಾ?" ಎಂದು ಪರದೆಗಾರ ಕೇಳಿದ್ದ.

"ಇದ್ದ ಹಾಗೇ," ಎಂದು ಪ್ರೊಫೆಸರಮ್ಮ ಕೋಲೂರಿಕೊಂಡು ಹೊರಟುಹೋಗಿದ್ದರು.

ಪರದೆ ಬರೆಯುವ ಕೆಲಸ ದೂರದಿಂದ ನೋಡುವವರಿಗೆ ನೆಲ ಸಾರಿಸುವ ಹಾಗೆ ಕಾಣುತ್ತದೆ. ಬಟ್ಟೆಯನ್ನು ನೆಲದ ಮೇಲೆ ಹಾಸಿ ಸುತ್ತ ಮೊಳೆ ಹೊಡೆಯುತ್ತಾರೆ. ನಕ್ಷೆಯ ಮೇಲೆ ದಾರ ಎಳೆದು ಅರ್ಧರ್ಧ ಇಂಚಿನ ಚೌಕ ಮಾಡುತ್ತಾರೆ, ಬಟ್ಟೆಯ ಮೇಲೆ ಒಂದೊಂದು ಅಡಿಯ ಚೌಕ. ಅಂದರೆ ಇಪ್ಪತ್ತನಾಲ್ಕು ಪಟ್ಟು. ಆಮೇಲೆ ಕಾಲುಚೀಲ ಹಾಕಿಕೊಂಡು, ಉದ್ದ ಕೋಲಿಗೆ ಕಟ್ಟಿದ ಕುಂಚ ಹಿಡಿದು, ಬಟ್ಟೆಯ ಮೇಲೇ ನಡೆಯುತ್ತಾ, ಈ ಚೌಕದಲ್ಲಿ ಇರುವುದನ್ನು ಆ ಚೌಕಕ್ಕೆ ದಾಟಿಸುತ್ತಾ ಹೋಗುವುದು. ಬರೆಯುವವನು ಕಂಬಳಿಯ ಮೇಲೆ ಹರಿಯುವ ಇರುವೆಯಂತೆ. ಕಾಲಡಿಯ ನೂಲು ಗೊತ್ತು, ಕಂಬಳಿ ಗೊತ್ತಿಲ್ಲ. ಅಂಟಿನ ಬಣ್ಣ ಒಣಗಿ, ಬಟ್ಟೆಯನ್ನು ಸುತ್ತಿ ಕೆಳಗೆ ತಂದು, ಹಗ್ಗ ಕಟ್ಟಿ ಎತ್ತಿದಾಗಲೇ ತಾನು ಬರೆದದ್ದೇನೆಂದು ಅವನಿಗೂ ಕಾಣುವುದು. ಈ ಸಲ ಮಳೆಗಾಲದ ತೇವದಲ್ಲಿ ಬಣ್ಣ ಒಣಗುವುದು ತಡವಾಗಿ, ಎತ್ತುವ ದಿನ ಆಟದ ದಿನಕ್ಕೇ ಬಂದು ನಿಂತಿತ್ತು.

"ಲೋಟ ಅಲ್ಲ ಅತ್ತೆ," ಎಂದ ಪರದೆಗಾರ. "ಚಂದ್ರ ಗುಡಿ ಕಟ್ಟೋದು ಅಂತಾರಲ್ಲ, ಅದು. ಚಂದ್ರನ ಸುತ್ತ ಬೆಳಕಿನ ಬಳೆ."

"ಗುಡಿ ಕಟ್ಟಿದ್ರೆ ಚಂದ್ರ ಮಧ್ಯದಲ್ಲಿರ್ತಾನೆ. ಇಲ್ಲಿ ಅಂಚಿನ ಮೇಲೆ ಕೂತಿದ್ದಾನೆ, ಬಸ್ಸಿನ ಬಾಗಿಲಲ್ಲಿ ನೇತಾಡೋರ ಹಾಗೆ. ಅದಿರಲಿ, ಬಳೆಯಿಂದ ಕೆಳಗೆ ಒಂದು ಬಾಲ ಇಳಿದಿದೆಯಲ್ಲ, ಅದೇನು?"

"ಧೂಮಕೇತು."

"ತೊಟ್ಟಿಕ್ಕಿರೋದು," ಎಂದರು ಅತ್ತೆ. ಅವರು ನಲವತ್ತು ವರ್ಷದಿಂದ ಉಡುಪಿನ ಕೋಣೆಯ ಯಜಮಾನಿ. ರೇಷ್ಮೆಯಿಂದ ಹಿಡಿದು ಟೋಪಿಯವರೆಗೆ ಎಲ್ಲದರ ಮೇಲಿನ ಟೀ ಗುರುತನ್ನೂ ತೆಗೆದ ಕೈ ಅದು. "ಬಣ್ಣ ಮಾತ್ರ ಥೇಟು ಟೀನೇ. ಎಲ್ಲಿ ಸಿಕ್ತು ಈ ಬಣ್ಣ?"

ಆ ಒಂದು ಬಣ್ಣಕ್ಕಾಗಿ ಪರದೆಗಾರ ಎರಡು ದಿನ ಒದ್ದಾಡಿದ್ದ. ಕಾವಿ ಕಲಸಿ ನೋಡಿದ್ದ, ಮಸಿ ಬೆರೆಸಿ ನೋಡಿದ್ದ, ಯಾವುದೂ ನಕ್ಷೆಗೆ ಹೊಂದಲಿಲ್ಲ. ಕೊನೆಗೆ ಸಾಕಾಗಿ ಒಂದು ಬಕೆಟ್ ನೀರಿಗೆ ಟೀ ಸೊಪ್ಪು ಸುರಿದು ಕುದಿಸಿದ್ದ. ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲದೆ ಹೊಂದಿತ್ತು. ಹೊಂದಿತಲ್ಲ ಎಂದು ಖುಷಿಪಟ್ಟನೇ ಹೊರತು, ಯಾಕೆ ಹೊಂದಿತು ಎಂದು ಆ ಪುಣ್ಯಾತ್ಮ ಒಂದು ಗಳಿಗೆಯೂ ಯೋಚಿಸಿರಲಿಲ್ಲ.

ಇಬ್ಬರೂ ಮಹಡಿಗೆ ಓಡಿದರು. ಅತ್ತೆ ಲೋಟದ ತಳವನ್ನು ಸೆರಗಿನಲ್ಲಿ ಒರೆಸಿ, ನಕ್ಷೆಯಲ್ಲಿದ್ದ ಬಳೆಯ ಮೇಲೆ ಮೆಲ್ಲನೆ ಇಟ್ಟರು. ಪೆಟ್ಟಿಗೆಗೆ ಮುಚ್ಚಳ ಕೂತ ಹಾಗೆ ಕೂತಿತು.

"ನೂರ ಹತ್ತು ವರ್ಷದ ಹಿಂದೆ ಯಾರೋ ಇಲ್ಲಿ ಟೀ ಕುಡಿದಿದ್ದಾರೆ," ಎಂದರು ಅತ್ತೆ. "ನೀವು ಅದನ್ನ ಐದಡಿ ಅಗಲ ಮಾಡಿ ಆಕಾಶಕ್ಕೆ ಏರಿಸಿದ್ದೀರಿ."

ಪರದೆಗಾರ ಬಣ್ಣದ ಡಬ್ಬದ ಮೇಲೆ ಕುಸಿದು ಕೂತ. ಆ ಡಬ್ಬಕ್ಕೆ ಮುಚ್ಚಳವಿರಲಿಲ್ಲ.

ಹತ್ತು ಗಂಟೆಯ ಹೊತ್ತಿಗೆ ರಂಗದ ಮೇಲೆ ನಾಲ್ಕು ಜನ ಕತ್ತೆತ್ತಿಕೊಂಡು ನಿಂತಿದ್ದರು. ಪರದೆಗಾರ, ಪ್ಯಾಂಟು ಬದಲಾಯಿಸಿಕೊಂಡು. ಅತ್ತೆ. ನೃತ್ಯ ಕಲಿಸುವ ಮೇಷ್ಟ್ರು, ಕಡ್ಡಿಯಂಥ ಮನುಷ್ಯ, ನಿಂತಲ್ಲೇ ಹಿಮ್ಮಡಿ ಕೂಡಿಸಿ ಕಾಲ್ಬೆರಳನ್ನು ಆಚೆ ಈಚೆ ತಿರುಗಿಸಿಕೊಂಡು ನಿಲ್ಲುವ ಚಾಳಿಯವರು. ನಾಲ್ಕನೆಯವನು ದೀಪದವನು, ಯಾವ ಕಷ್ಟಕ್ಕೂ ಒಂದು ಬಲ್ಬು ಪರಿಹಾರ ಎಂದು ನಂಬಿದವನು. ಮ್ಯಾನೇಜರ್ ಪ್ರೊಫೆಸರಮ್ಮನನ್ನು ಕರೆತರಲು ಹೋಗಿದ್ದ.

"ಮೊದಲು ಒಂದು ಮಾತು," ಎಂದರು ಅತ್ತೆ, ಕೊರಳಲ್ಲಿದ್ದ ಅಳತೆಪಟ್ಟಿಯನ್ನು ಜಗ್ಗಿ. "ಈ ಲೋಟದ ಗುರುತಿನ ವಿಷಯ ಮ್ಯಾನೇಜರಿಗಾಗಲಿ ಆ ಅಮ್ಮನಿಗಾಗಲಿ ಗೊತ್ತಾಗಬಾರದು. ಯಾರೇ ಕೇಳಲಿ, ಎಷ್ಟೇ ಕೇಳಲಿ, ಇಲ್ಲಿ ಯಾವ ಗುರುತೂ ಇರಲೇ ಇಲ್ಲ. ಬಾಯಿ ಬಿಟ್ಟೋರ ಬಟ್ಟೆ ಸೊಂಟದಲ್ಲಿ ಎರಡಿಂಚು ಬಿಗಿ ಮಾಡಿಬಿಡ್ತೀನಿ."

ಮೇಷ್ಟ್ರು ಉಸಿರು ಒಳಗೆಳೆದುಕೊಂಡರು. ದೀಪದವನು ಉಡುಪಿನ ಕೋಣೆಯ ಬಟ್ಟೆ ಹಾಕುವವನೇ ಅಲ್ಲ, ಆದರೂ ಒಮ್ಮೆ ಸೊಂಟ ಮುಟ್ಟಿ ನೋಡಿಕೊಂಡ. ಮೂವರೂ ಆಣೆ ಮಾಡಿದರು.

"ಇದೇನು ಮಹಾ," ಎಂದ ದೀಪದವನು. "ಕಂದು ಬಣ್ಣದ ಮೇಲೆ ನೀಲಿ ಬೆಳಕು ಬಿಟ್ರೆ ಮಾಯ. ಇಂಥದ್ದು ಎಷ್ಟು ನೋಡಿಲ್ಲ ನಾನು."

ನೀಲಿ ಬೆಳಕು ಬಿಟ್ಟ. ಗುರುತು ಮಾಯವಾಗಲಿಲ್ಲ, ಹಸಿರಾಯಿತು. ಹಳೆಯ ಬ್ರೆಡ್ಡಿನ ಮೇಲೆ ಬೂಷ್ಟು ಹತ್ತಿದ ಹಾಗೆ ಕಂಡಿತು ಆಕಾಶ.

"ಇನ್ನೊಂದು ದೀಪ ಹಾಕಲಾ?"

"ಬೇಡಪ್ಪಾ," ಎಂದರು ಅತ್ತೆ. "ಹುಳ ಬಿದ್ದೀತು."

ಮೇಷ್ಟ್ರಿಗೆ ಒಂದು ಉಪಾಯ ಹೊಳೆಯಿತು. "ಮೋಡ ಕಟ್ಟೋಣ. ಚಂದ್ರನ ಪಕ್ಕ ಒಂದು ಮೋಡ ಇದ್ರೆ ಯಾರು ಬೇಡ ಅಂತಾರೆ? ಅಮ್ಮಾ, ನಿಮ್ಮ ಹತ್ರ ಬಲೆಬಟ್ಟೆ ಇದೆಯಲ್ಲ?"

ಹೊಸದು ಇರಲಿಲ್ಲ. ಹಳೆಯ ಲಂಗಗಳಿದ್ದವು. ಅತ್ತೆ ಹತ್ತು ಲಂಗಗಳನ್ನು ಒಂದಕ್ಕೊಂದು ಸೇರಿಸಿ ಪಟಪಟನೆ ಹೊಲಿದರು. ಎರಡು ಹಗ್ಗಕ್ಕೆ ಕಟ್ಟಿ ಎತ್ತಿದಾಗ ನಿಜಕ್ಕೂ ಒಳ್ಳೆಯ ಮೋಡದಂತೆಯೇ ಕಂಡಿತು. ಪರದೆಗಾರ ಕಣ್ಣಲ್ಲಿ ನೀರು ತಂದುಕೊಂಡು ಅತ್ತೆಯ ಕಡೆ ನೋಡುವಷ್ಟರಲ್ಲಿ ಒಂದು ಹಗ್ಗ ಜಾರಿತು. ಮೋಡ ಒಂದು ಕಡೆಯಿಂದ ಬಿಚ್ಚಿಕೊಂಡು ಜೋತುಬಿತ್ತು. ಸೊಂಟದ ಪಟ್ಟಿ, ಕೊಕ್ಕೆ, ಒಳಗಿನ ಲಾಡಿ ಎಲ್ಲ ಸಾಲಾಗಿ ಕಾಣತೊಡಗಿದವು.

"ಯಾರೋ ನದೀಲಿ ಸ್ನಾನಕ್ಕಿಳಿದು ಮೇಲೆ ಬಟ್ಟೆ ಒಣಗಿ ಹಾಕಿದ ಹಾಗಿದೆ," ಎಂದ ದೀಪದವನು.

"ಕತೇಲಿ ನದಿ ಇದೆಯಲ್ಲ, ಹೊಂದಬಹುದು," ಎಂದರು ಮೇಷ್ಟ್ರು ಅನುಮಾನಿಸುತ್ತ.

ಹನ್ನೆರಡು ಹೊಡೆಯಿತು. ಉಳಿದದ್ದು ಒಂದೇ ದಾರಿ. ಗುರುತಿನ ಮೇಲೆ ಹೊಸದಾಗಿ ಆಕಾಶ ಬರೆಯುವುದು. ಅದೂ ಬಟ್ಟೆಯನ್ನು ಇಳಿಸದೆ, ಏಣಿಯ ಮೇಲೆ ನಿಂತು. ಹೇಳಿದಷ್ಟು ಸುಲಭವಲ್ಲ ಅದು. ಅಂಟಿನ ಬಣ್ಣ ಹಸಿಯಿದ್ದಾಗ ಒಂದು, ಒಣಗಿದ ಮೇಲೆ ಇನ್ನೊಂದು. ಎಷ್ಟು ತೆಳುವಾಗುತ್ತದೆಂದು ಮೊದಲೇ ಅಂದಾಜಿರಬೇಕು. ನೆಲದ ಮೇಲೆ ಬರೆದರೆ ಬಣ್ಣ ಹಾಕಿದಲ್ಲೇ ನಿಲ್ಲುತ್ತದೆ, ನಿಂತ ಬಟ್ಟೆಯ ಮೇಲೆ ಕೆಳಕ್ಕೆ ಓಡುತ್ತದೆ. ಪರದೆಗಾರ ನಾಲ್ಕು ನೀಲಿ ಕಲಸಿದ. ಚಿಂದಿಯ ಮೇಲೆ ಹಚ್ಚಿ, ಇಸ್ತ್ರಿಪೆಟ್ಟಿಗೆಯಲ್ಲಿ ಒಣಗಿಸಿ ಹೊಂದಿಸಿ ನೋಡಿದ. ನಾಲ್ಕನೆಯದು ಕೂತಿತು. ಸ್ಪಂಜು ಕಚ್ಚಿಕೊಂಡು ಏಣಿ ಹತ್ತಿದ. ಮೊದಲ ಹನಿ ಮೇಷ್ಟ್ರ ಬೋಳುತಲೆಯ ನಡುಮಧ್ಯಕ್ಕೆ ಬಿತ್ತು. ಅವರು ಅದನ್ನು ಒರೆಸದೆ ಏಣಿ ಹಿಡಿದುಕೊಂಡೇ ನಿಂತರು. ಒಳ್ಳೆಯ ಮನುಷ್ಯ.

ಒಣಗಿಸಲು ಬಂದವಳು ಪರದೆಗಾರನ ಹೆಂಡತಿ. ಅಮ್ಮನ ಕೋಣೆಯಲ್ಲೇ ಬ್ಯಾಲೆ ಬೂಟುಗಳಿಗೆ ರಿಬ್ಬನ್ ಹೊಲಿಯುವವಳು. ಮೇಕಪ್ ಕೋಣೆಯಿಂದ ಕೂದಲು ಒಣಗಿಸುವ ಯಂತ್ರ ತಂದು, ಇನ್ನೊಂದು ಏಣಿ ಹಾಕಿಕೊಂಡು ಗಂಡನ ಪಕ್ಕಕ್ಕೆ ಏರಿದಳು. ಅವನು ಒತ್ತಿದಲ್ಲೆಲ್ಲ ಅವಳು ಬಿಸಿಗಾಳಿ ಬಿಟ್ಟಳು.

"ಇನ್ನೂ ಸ್ವಲ್ಪ ಎಡಕ್ಕೆ. ಆ ನಕ್ಷತ್ರ ಸುಡಬೇಡ."

"ರೀ, ನಿಮ್ಮನ್ನ ಟಿಕೆಟ್ ಕಿಟಕಿಗೆ ಹಾಕಿದ್ರೆ ಏನ್ಮಾಡ್ತೀರ?"

"ಆ ಕಿಟಕಿ ಎಷ್ಟಗಲ ಇದೆ?"

"ಒಂದೂವರೆ ಅಡಿ ಇರಬಹುದು."

"ಒಂದೂವರೆ ಚೌಕ. ಅಷ್ಟರಲ್ಲಿ ಏನು ಬರೆಯೋಕಾಗುತ್ತೆ?"

"ಅಲ್ಲಿ ಬರೆಯೋದಲ್ಲ ರೀ. ಹರಿದು ಕೊಡೋದು."

ಪರದೆಗಾರ ಸ್ಪಂಜು ಅದ್ದುತ್ತಾ ಕೆಳಗೆ ನೋಡಿದ. ಅಷ್ಟೆತ್ತರದಿಂದ ಖಾಲಿ ಕುರ್ಚಿಗಳ ಸಾಲು ಉತ್ತ ಹೊಲದಂತೆ ಕಾಣುತ್ತಿತ್ತು. "ಆಗಲ್ಲ ಬಿಡು," ಎಂದ. "ಅಚ್ಚುಕಟ್ಟಾಗಿ ಮುಗಿಸ್ತೀನಿ. ಇಲ್ಲಿ ಏನೋ ಇತ್ತು ಅಂತ ಆ ಚಂದ್ರನಿಗೂ ಗೊತ್ತಾಗಬಾರದು."

"ಹಾಗಾದ್ರೆ ಮಾತಾಡ್ಬೇಡಿ, ಒತ್ತಿ," ಎಂದಳು ಹೆಂಡತಿ.

ಎರಡು ಗಂಟೆಗೆ, ಇನ್ನೂ ಗುರುತಿನ ಕಾಲುಭಾಗ ಉಳಿದಿರುವಾಗ, ಮ್ಯಾನೇಜರಿನ ಕಾರು ಬಂದು ನಿಂತಿತು. ಒಂದು ಗಂಟೆ ಮುಂಚೆ! ಅತ್ತೆ ಅಳತೆಪಟ್ಟಿ ಹಾರಿಸಿಕೊಂಡು ಬಾಗಿಲಿಗೆ ಓಡಿದರು.

"ನಾನು ಮೊದಲು ಪರದೆ ನೋಡ್ಬೇಕು," ಎಂದರು ಪ್ರೊಫೆಸರಮ್ಮ, ಕಾರಿನಿಂದ ಕೋಲು ಹೊರಗೆ ಹಾಕುತ್ತಲೇ. "ಅದಕ್ಕೇ ಬೇಗ ಬಂದದ್ದು. ಆ ಆಕಾಶ ಒಂದು ಸಲ ತೋರಿಸಿಬಿಡಿ ಸಾಕು."

"ಆಕಾಶ ಎಲ್ಲಿಗೆ ಹೋಗುತ್ತಮ್ಮಾ, ಅಲ್ಲೇ ಇರುತ್ತೆ," ಎಂದು ಅತ್ತೆ ಅವರ ಕೈ ಹಿಡಿದು ನೇರವಾಗಿ ಉಡುಪಿನ ಕೋಣೆಗೆ ನಡೆಸಿದರು. "ದೂರದಿಂದ ಬಂದಿದ್ದೀರಿ. ಒಂದು ಲೋಟ ಟೀ ಕುಡೀರಿ. ಈ ಲಂಗದ ವಿಷಯ ಸ್ವಲ್ಪ ಹೇಳಿ. ನಲವತ್ತು ವರ್ಷದಿಂದ ಹೊಲೀತಿದ್ದೀನಿ, ಹಿಂದಿನ ಕಾಲದಲ್ಲಿ ಹೇಗಿತ್ತು ಅಂತ ಹೇಳೋರೇ ಗತಿಯಿಲ್ಲ."

ಚರಿತ್ರೆ ಬಲ್ಲವರಿಗೆ ಕೇಳುವವರು ಸಿಕ್ಕರೆ ಗಡಿಯಾರ ನಿಲ್ಲುತ್ತದೆ. ಪ್ರೊಫೆಸರಮ್ಮ ಕೂತೇಬಿಟ್ಟರು, ಮ್ಯಾನೇಜರ್ ಟಿಕೆಟ್ ಲೆಕ್ಕ ನೋಡಲು ಹೋದ. ಗ್ಯಾಸ್ ದೀಪದ ಕಾಲದಲ್ಲಿ ಬಲೆಲಂಗಕ್ಕೆ ಒಂದು ಕಿಡಿ ಹಾರಿದರೂ ಹುಡುಗಿ ಉರಿದುಹೋಗುತ್ತಿದ್ದಳೆಂದೂ, ಅದಕ್ಕೇ ಮರೆಯಲ್ಲಿ ಒದ್ದೆ ಕಂಬಳಿ ಹಿಡಿದುಕೊಂಡು ಕಾವಲಿನವರು ನಿಂತಿರುತ್ತಿದ್ದರೆಂದೂ ಹೇಳಿದರು. ರಾಜರ ಕಾಲದಲ್ಲಿ ಪರದೆಯನ್ನು ರಾಜನ ಕುರ್ಚಿಯೊಂದರಿಂದ ನೋಡಿದರೆ ಮಾತ್ರ ಸರಿಕಾಣುವಂತೆ ಬರೆಯುತ್ತಿದ್ದರೆಂದೂ, ಪಕ್ಕದಲ್ಲಿ ಕೂತವರಿಗೆ ಅರಮನೆಯ ಕಂಬಗಳೆಲ್ಲ ಕುಡಿದವರ ಹಾಗೆ ವಾಲುತ್ತಿದ್ದವೆಂದೂ ಹೇಳಿದರು. ನಡುನಡುವೆ, "ಆದ್ರೆ ನಾನು ಆಕಾಶ ನೋಡ್ಬೇಕಿತ್ತಲ್ಲ," ಎಂದು ಏಳಲು ನೋಡಿದರು. ಅಷ್ಟು ಸಲವೂ ಅತ್ತೆ ಇನ್ನೊಂದು ಲಂಗ ತೆಗೆದು ತೊಡೆಯ ಮೇಲೆ ಹರಡಿದರು. ಎರಡೂ ಮುಕ್ಕಾಲಿಗೆ ಪ್ರೊಫೆಸರಮ್ಮ ಕೊರಳವರೆಗೆ ಲಂಗಗಳಲ್ಲಿ ಹೂತುಹೋಗಿದ್ದರು.

ಆ ಹೊತ್ತಿಗೆ ಪರದೆಗಾರ ಏಣಿಯಿಂದ ಇಳಿದು ಪರದೆ ನೋಡಿದ. ಬೆಟ್ಟದ ನೀರಿನಂಥ ಆಕಾಶ. ಗುರುತೂ ಇಲ್ಲ, ಬಾಲವೂ ಇಲ್ಲ. ಚಂದ್ರ ಒಬ್ಬನೇ, ಮೀಸೆ ಬೋಳಿಸಿಕೊಂಡು ಬಂದವನಂತೆ ಹೊಳೆಯುತ್ತಿದ್ದ. ನಾಲ್ಕು ತಿಂಗಳಲ್ಲಿ ಅವನು ಬರೆದದ್ದರಲ್ಲೆಲ್ಲ ಈ ಮೂರು ಗಂಟೆಯ ಕೆಲಸವೇ ಚೆನ್ನಾಗಿತ್ತು. ಮೇಷ್ಟ್ರು ಅವನ ಬೆನ್ನು ತಟ್ಟಿದರು. ದೀಪದವನು ಎಲ್ಲ ದೀಪ ಒಟ್ಟಿಗೆ ಹಾಕಿ ಒಮ್ಮೆ ಮರ್ಯಾದೆ ಸಲ್ಲಿಸಿದ.

ಮೂರು ಗಂಟೆಗೆ ಆಟ ಶುರುವಾಯಿತು. ಮೊದಲ ಅಂಕದಲ್ಲಿ ಗಂಡುಗಳು ಬಂದು ಹೋದರು. ಎರಡನೆಯ ಅಂಕಕ್ಕೆ ಮುಂದಿನ ತೆರೆ ಸರಿದು ನದಿಯೂ ಆಕಾಶವೂ ಕಂಡಾಗ, ಇನ್ನೂ ಯಾರೂ ಕುಣಿಯುವ ಮೊದಲೇ, ಸಭಿಕರು ಚಪ್ಪಾಳೆ ತಟ್ಟಿದರು. ಪರದೆಗೆ ಚಪ್ಪಾಳೆ! ಮರೆಯಲ್ಲಿ ನಿಂತಿದ್ದ ಪರದೆಗಾರ ಹೆಂಡತಿಯ ಕೈ ಎಷ್ಟು ಗಟ್ಟಿಯಾಗಿ ಹಿಡಿದನೆಂದರೆ ಅವಳ ಬೆರಳೂ ನೀಲಿಯಾಯಿತು.

ಆದರೆ ಮೂರನೆಯ ಅಂಕದ ಕೊನೆಯಲ್ಲಿ ಅವನಿಗೆ ಏನೋ ಒಂದು ಹಿತವೆನಿಸಲಿಲ್ಲ. ಚಂದ್ರ ಹೊರಟುಹೋಗಿದ್ದ. ಮೂವತ್ತೆರಡು ಅಲೆಗಳು ಮಂಡಿಯೂರಿದವು. ದೋಣಿಗಾರನ ಮಗಳು ಒಂಟಿಕಾಲಿನ ಬೆರಳ ತುದಿಯ ಮೇಲೆ ನಿಂತು, ಎಡಗೈಯನ್ನು ನಿಧಾನವಾಗಿ ಆಕಾಶಕ್ಕೆ ಎತ್ತಿದಳು. ಕಿರುಬೆರಳಿನ ಪಕ್ಕದ ಬೆರಳೊಂದನ್ನೇ ಚಾಚಿ, ಏನಕ್ಕೋ ತೂರಿಸುವಂತೆ ಮಣಿಕಟ್ಟು ತಿರುಗಿಸಿದಳು. ಹಾಗೇ ನಿಂತಳು, ಮುಖದ ತುಂಬ ನಗು.

"ಅವಳು ಏನು ತೋರಿಸ್ತಿದ್ದಾಳೆ ಮೇಷ್ಟ್ರೇ?" ಎಂದು ಪರದೆಗಾರ ಪಿಸುಗುಟ್ಟಿದ.

"ಯಾರಿಗ್ಗೊತ್ತಪ್ಪ? ಎಂಟು ಎಣಿಸೋವರೆಗೆ ಆ ಬೆರಳು ಎತ್ತಿ ಹಿಡೀಬೇಕು ಅಂತ ನನಗೆ ನನ್ನ ಗುರುಗಳು ಹೇಳಿಕೊಟ್ರು, ಅವರಿಗೆ ಅವರ ಗುರುಗಳು. ಯಾಕೆ ಅಂತ ಕೇಳೋ ಧೈರ್ಯ ಯಾರಿಗೂ ಇರಲಿಲ್ಲ."

ಪರದೆಗಾರ ಆ ಬೆರಳಿನ ನೇರಕ್ಕೆ ನೋಡಿದ. ಬೆರಳ ತುದಿ ಚಂದ್ರನ ಪಕ್ಕಕ್ಕೆ, ತಾನು ಅಚ್ಚುಕಟ್ಟಾಗಿ ಬಳಿದ ಖಾಲಿ ನೀಲಿಯ ನಟ್ಟನಡುವಿಗೆ ಗುರಿಯಿಟ್ಟಿತ್ತು.

ಜನ ಹೋದ ಮೇಲೆ ಪ್ರೊಫೆಸರಮ್ಮ ಕೋಲೂರುತ್ತಾ ರಂಗದ ಮೇಲೆ ಬಂದರು. ಹಿಂದೆ ಮ್ಯಾನೇಜರ್. ಎದುರಿಗೆ ನಮ್ಮವರೆಲ್ಲ ಸಾಲಾಗಿ ನಿಂತರು.

"ಎಲೆ ಎಲೆಯೂ ಸರಿಯಿದೆ," ಎಂದರು ಪ್ರೊಫೆಸರಮ್ಮ. "ನದಿ ಸರಿಯಿದೆ, ಕಾಡು ಸರಿಯಿದೆ. ಉಂಗುರ ಎಲ್ಲಿ?"

ದೀಪದವನು ಬಗ್ಗಿ ನೆಲದ ಮೇಲೆ ಹುಡುಕಿ ನೋಡಿದ.

"ಮೊದಲು ಈ ಕತೆಗೆ ಇಂಥ ಕೊನೆ ಇರಲಿಲ್ಲ," ಎಂದರು ಅವರು. "ಚಂದ್ರ ಹೋಗ್ತಾನೆ, ಹುಡುಗಿ ನೀರಿಗೆ ಬೀಳ್ತಾಳೆ, ಮುಗೀತು. ಮೊದಲನೇ ಆಟದ ದಿನ ಪರದೆ ಎತ್ತಿ ನೋಡಿದ್ರೆ ಆಕಾಶದಲ್ಲಿ ಒಂದು ಉಂಗುರ. ಚಂದ್ರನೇ ಹರಳು. ಚಿತ್ರಕಾರ ನಕ್ಷೆ ಮೇಲೆ ಟೀ ಲೋಟ ಇಟ್ಟಿದ್ದ. ಅಂದಿನ ಪರದೆಗಾರ ಚೌಕ ಚೌಕ ನೋಡಿಕೊಂಡು ಅದನ್ನೂ ಬರೆದುಬಿಟ್ಟಿದ್ದ. ಚಿತ್ರಕಾರ ತಲೆ ತಲೆ ಚಚ್ಚಿಕೊಂಡ. ಆದ್ರೆ ನೃತ್ಯ ಕಟ್ಟಿದವನು ಅದನ್ನ ನೋಡ್ತಾ ನಿಂತು, ಅಲ್ಲೇ ಕೊನೆ ಬದಲಾಯಿಸಿದ. ಚಂದ್ರ ಉಂಗುರ ಬಿಟ್ಟುಹೋಗಿದ್ದಾನೆ, ಹುಡುಗಿ ಬೆರಳು ನೀಡ್ತಾಳೆ, ಸಾಯೋದಿಲ್ಲ. ಆ ಚಿತ್ರಕಾರ ತನ್ನ ತಂಗಿಗೆ ಬರೆದ ಕಾಗದ ಎರಡು ವರ್ಷದ ಹಿಂದೆ ನನಗೆ ಸಿಕ್ತು. ಯಾರಿಗೂ ಹೇಳಿಲ್ಲ. ಇದ್ದ ಹಾಗೇ ಬರೆಯೋ ಪರದೆಗಾರ ಇನ್ನೂ ಇದ್ದಾನಾ ನೋಡೋಣ ಅಂತಿದ್ದೆ." ಅವರು ಪರದೆಗಾರನ ಕಡೆ ತಿರುಗಿದರು. "ಇದ್ದ ಹಾಗೇ ಅಂದಿದ್ದೆನಲ್ಲಪ್ಪಾ."

"ಬರೆದಿದ್ದೆ ಅಮ್ಮಾ!" ಎಂದು ಪರದೆಗಾರ ಕೂಗಿದ. "ಬೆಳಿಗ್ಗೆವರೆಗೂ ಇತ್ತು! ತೊಟ್ಟಿಕ್ಕಿದ ಬಾಲ ಕೂಡ ಇತ್ತು!"

"ಈಗ ಎಲ್ಲರೂ ಹಾಗೇ ಹೇಳ್ತಾರೆ," ಎಂದ ಮ್ಯಾನೇಜರ್. ಅವನ ದನಿಯಲ್ಲಿ ಆಗಲೇ ಯಂತ್ರ ಗುಂಯ್‌ಗುಡುತ್ತಿತ್ತು.

"ಇವರನ್ನ ಕೇಳಿ! ಅಣ್ಣಾ, ಹೇಳು, ಇತ್ತಲ್ವಾ?"

ದೀಪದವನು ಅತ್ತೆಯ ಅಳತೆಪಟ್ಟಿಯನ್ನು ನೋಡಿದ. ಕೊಟ್ಟ ಮಾತಿಗೆ ತಪ್ಪುವವನಲ್ಲ ಅವನು. "ಇಲ್ಲಿ ಯಾವ ಗುರುತೂ ಇರಲೇ ಇಲ್ಲ," ಎಂದ, ಎದೆಯುಬ್ಬಿಸಿ.

"ಮೇಷ್ಟ್ರೇ!"

"ಇರಲೇ ಇಲ್ಲ," ಎಂದರು ಮೇಷ್ಟ್ರು ಉಸಿರು ಬಿಗಿಹಿಡಿದು. ಅವರ ನೆತ್ತಿಯ ಮೇಲೆ ನೀಲಿ ಬೊಟ್ಟು ಹಾಗೇ ಇತ್ತು.

"ಅತ್ತೇ, ನೀವಾದ್ರೂ!"

ಅತ್ತೆ ನಿಜ ಹೇಳಲೆಂದೇ ಬಾಯಿ ತೆರೆದರು. ಆದರೆ ಬೆಳಿಗ್ಗೆಯಿಂದ ಬಾಯಿಗೆ ರೂಢಿಯಾದ ಮಾತು ತಾನಾಗಿಯೇ ಹೊರಬಂತು. "ನಮ್ಮ ಅಳಿಯಂದ್ರು ಅಂಥ ತಪ್ಪು ಮಾಡೋರೇ ಅಲ್ಲ, ಅಮ್ಮಾ."

ಪರದೆಗಾರ ಕಣ್ಣು ಮುಚ್ಚಿದ. ಮುಚ್ಚಿದ ಕಣ್ಣೊಳಗೆ ಒಂದೂವರೆ ಅಡಿ ಅಗಲದ ಕಿಟಕಿ ಕಾಣಿಸಿತು.

"ಅಲ್ಲಿ ನೋಡಿ," ಎಂದಳು ಹೆಂಡತಿ ಮೆಲ್ಲನೆ.

ಟೀ ಸೊಪ್ಪಿನ ಒಗರು ಅಂಥಿಂಥದ್ದಲ್ಲ. ನೀರಿನ ಬಣ್ಣವನ್ನು ಎಷ್ಟು ಬಳಿದರೂ ಒಣಗುತ್ತಾ ಒಣಗುತ್ತಾ ಅದು ಮೇಲಕ್ಕೆ ಊರಿಬರುತ್ತದೆ. ಎರಡು ಗಂಟೆ ದೀಪದ ಕಾವಿನಲ್ಲಿ ಬೆಂದ ಆಕಾಶದ ಮೇಲೆ ಮೊದಲು ಒಂದು ಕಮಾನು ಕಂಡಿತು. ಆಮೇಲೆ ಅದರ ಜೋಡಿ. ನೋಡನೋಡುತ್ತಿದ್ದಂತೆ ಎರಡೂ ಕೂಡಿಕೊಂಡವು. ಅಂಚಿನಲ್ಲಿ ಚಂದ್ರ ಹರಳಿನಂತೆ ಕೂತ. ಕೆಳಗೆ ಬಾಲವೂ ತೊಟ್ಟಿಕ್ಕಿತು. ಖಾಲಿ ರಂಗಮಂದಿರದಲ್ಲಿ ಐದಡಿಯ ಉಂಗುರ, ನೂರ ಹತ್ತು ವರ್ಷದ ಹಿಂದೆ ಇದ್ದ ಹಾಗೇ.

ಪ್ರೊಫೆಸರಮ್ಮ ಕೋಲೆತ್ತಿ ಉಂಗುರವನ್ನು ತೋರಿಸಿದರು.

"ಇದನ್ನ ಬರೆದವರು ಯಾರು?"

"ನಾನೇ ಅಮ್ಮಾ."

"ಅಳಿಸಿದವರು?"

ಪರದೆಗಾರ ನೀಲಿ ಕೈಗಳನ್ನು ಬೆನ್ನ ಹಿಂದೆ ಮಾಡಿಕೊಂಡ. "ನಾನೇ."

"ಬರೆದವನಿಗೆ ನೂರಕ್ಕೆ ನೂರು," ಎಂದರು ಪ್ರೊಫೆಸರಮ್ಮ. "ಅಳಿಸಿದವನಿಗೆ ಸೊನ್ನೆ. ಇಬ್ಬರೂ ಒಬ್ಬನೇ ಆದ್ರೆ ನಾನೇನು ಮಾಡ್ಲಿ?"

"ಅಂದ್ರೆ ಮಹಡಿ ಉಳೀತೋ, ಹೋಯ್ತೋ?" ಎಂದು ಮ್ಯಾನೇಜರೂ ಪರದೆಗಾರನೂ ಒಂದೇ ದನಿಯಲ್ಲಿ ಕೇಳಿದರು.

"ಉಳೀಲೂ ಇಲ್ಲ, ಹೋಗಲೂ ಇಲ್ಲ. ಇನ್ನೊಂದು ಪರದೆ ಬರೀಲಿ, ಆಮೇಲೆ ನೋಡೋಣ." ಪ್ರೊಫೆಸರಮ್ಮ ಚೀಲದಿಂದ ಸುರುಳಿ ಸುತ್ತಿದ ಕಾಗದವೊಂದನ್ನು ತೆಗೆದರು. "ಗೆದ್ದರೆ ಕೊಡೋಣ ಅಂತ ತಂದಿದ್ದೆ. ಗೆಲ್ಲದಿದ್ರೂ ತಗೋ. ಇದು ಅದಕ್ಕಿಂತ ಹಳೇದು, ಇನ್ನೂರು ವರ್ಷದ್ದು, ಅರಮನೆ ತೋಟದ್ದು. ಇದ್ದ ಹಾಗೇ ಬರೀಬೇಕು."

ಅವನು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ಅತ್ತೆ, ಹೆಂಡತಿ, ಮೇಷ್ಟ್ರು, ದೀಪದವನು ಎಲ್ಲರೂ ಸುತ್ತ ಕವಿದರು. ಅಲ್ಲೇ ರಂಗದ ಮೇಲೆ ಸುರುಳಿ ಬಿಚ್ಚಿ ನಾಲ್ಕು ಮೂಲೆಗೆ ನಾಲ್ಕು ಬ್ಯಾಲೆ ಬೂಟು ಇಟ್ಟರು. ಎಂಥ ತೋಟ! ಕಾರಂಜಿಗಳ ಸಾಲು, ಕತ್ತರಿಸಿದ ಪೊದೆಗಳು, ದೂರಕ್ಕೆ ಸಣ್ಣಗಾಗುತ್ತಾ ಹೋಗುವ ಅಮೃತಶಿಲೆಯ ಮೆಟ್ಟಿಲು. ಪರದೆಗಾರನ ಮುಖ ಬೆಳಗಿತು. ಮನಸ್ಸು ಆಗಲೇ ಕಾಲುಚೀಲ ಹಾಕಿಕೊಂಡು ಮಹಡಿಯಲ್ಲಿ ನಡೆದಾಡುತ್ತಿತ್ತು. ಹೆಂಡತಿ ಅವನನ್ನು ನೋಡಿ ನಕ್ಕಳು.

ಆಗ ಅವನಿಗೆ ಕಂಡಿತು. ಮೆಟ್ಟಿಲಿನ ತುತ್ತತುದಿಯಲ್ಲಿ, ರಾಜಕುಮಾರಿ ಬಂದು ನಿಲ್ಲುವ ಕಟ್ಟೆಯ ಮೇಲೆ, ರೆಕ್ಕೆ ಹರಡಿಕೊಂಡು, ಆರು ಕಾಲೂ ಚಾಚಿಕೊಂಡು, ಇನ್ನೂರು ವರ್ಷದ ಹಿಂದೆ ಯಾರೋ ಅಂಗೈಯಲ್ಲಿ ಹೊಡೆದು ಅಂಟಿಸಿದ ಒಂದು ನೊಣ. ಅವನು ಮನಸ್ಸಿನಲ್ಲೇ ಇಪ್ಪತ್ತನಾಲ್ಕರಿಂದ ಗುಣಿಸಿದ. ಹದ್ದಿನಷ್ಟಾಯಿತು.

ಅವನು ಪ್ರೊಫೆಸರಮ್ಮನ ಹಿಂದೆ ಓಡಿದ. ಅವರಾಗಲೇ ಬಾಗಿಲ ಹತ್ತಿರ ಹೋಗಿದ್ದರು.

"ಅಮ್ಮಾ, ಒಂದೇ ಒಂದು ಮಾತು. ಈ ನೊಣ... ಇದನ್ನ ಬರೀಬೇಕೋ, ಬಿಡಬೇಕೋ?"

ಪ್ರೊಫೆಸರಮ್ಮ ತಿರುಗಿ ನಿಂತು ಅವನನ್ನು ಮಮತೆಯಿಂದ ನೋಡಿದರು.

"ಅದನ್ನ ನಾನೇ ಹೇಳಿಬಿಟ್ರೆ," ಎಂದರು, "ಅದು ಪರೀಕ್ಷೆ ಹೇಗಾಗುತ್ತಪ್ಪಾ?"